ಮಂಗಳೂರು ಹೆಂಚಿನ ಕಾರ್ಖಾನೆಗಳ ವಾಸ್ತುಶಿಲ್ಪ

ಮಂಗಳೂರು ಹೆಂಚಿನ ಕಾರ್ಖಾನೆಗಳು ಕರ್ನಾಟಕದ ಕರಾವಳಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ನಿರ್ಮಾಣಗೊಂಡ ಕೈಗಾರಿಕಾ ಕಟ್ಟಡಗಳು. ಇಟ್ಟಿಗೆಯ ಗೂಡು, ಎತ್ತರದ ಹೊಗೆಕೊಳವೆ ಮತ್ತು ಹೆಂಚು ಹೊದಿಸಿದ ಉದ್ದನೆಯ ಕೊಟ್ಟಿಗೆಗಳು ಇವುಗಳ ಪ್ರಮುಖ ಅಂಗಗಳು. ಹಸಿ ಹೆಂಚನ್ನು ನಿಧಾನವಾಗಿ ಒಣಗಿಸಿ ಸುಡುವ ಕ್ರಿಯೆಯೇ ಈ ಕಟ್ಟಡಗಳ ಆಕಾರವನ್ನು ನಿರ್ಧರಿಸಿದೆ.

ಇತಿಹಾಸ

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ಕಾರ್ಯಾರಂಭ ಮಾಡಿತು. ಮತಾಂತರದ ನಂತರ ಕುಲಕಸುಬು ಮತ್ತು ಕುಟುಂಬದ ಆಶ್ರಯ ಕಳೆದುಕೊಂಡವರಿಗೆ ಜೀವನೋಪಾಯ ಕಲ್ಪಿಸಲು ಮುದ್ರಣ, ನೇಯ್ಗೆ ಮೊದಲಾದ ಕಾರ್ಯಾಗಾರಗಳನ್ನು ತೆರೆಯಿತು. ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿ ನದಿಯ ಸಮೀಪದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಇಂತಹ ಹೆಂಚಿಗೆ ಫ್ರಾನ್ಸಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದಿದ್ದರು. ಮೊದಲನೆಯ ಮಹಾಯುದ್ಧದ ನಂತರ ಮಿಷನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಬಂದವು.

ನಿವೇಶನ

ಕಾರ್ಖಾನೆಗಳು ಸಾಮಾನ್ಯವಾಗಿ ನದೀತೀರದಲ್ಲಿ ನೆಲೆಗೊಂಡವು. ಆವೆಮಣ್ಣು ಮತ್ತು ಸೌದೆಯನ್ನು ದೋಣಿಗಳಲ್ಲಿ ತರುವುದಕ್ಕೂ ಸಿದ್ಧ ಹೆಂಚನ್ನು ಬಂದರಿಗೆ ಸಾಗಿಸುವುದಕ್ಕೂ ಜಲಮಾರ್ಗವೇ ಸುಲಭವಾಗಿತ್ತು.

ಒಣಗಿಸುವ ಕೊಟ್ಟಿಗೆ

ಅಚ್ಚಿನಿಂದ ಹೊರಬಂದ ಹೆಂಚು ನೇರ ಬಿಸಿಲಿಗೆ ಸಿಕ್ಕಿದರೆ ಬಾಗುತ್ತದೆ, ಇಲ್ಲವೆ ಬಿರುಕು ಬಿಡುತ್ತದೆ. ಮಳೆಗಾಲದ ತೇವದಲ್ಲಿ ಅದು ಒಣಗುವುದೇ ಇಲ್ಲ. ಆದುದರಿಂದ ನೆರಳು ಮತ್ತು ಗಾಳಿ ಎರಡನ್ನೂ ಒದಗಿಸುವ ಉದ್ದನೆಯ ಕೊಟ್ಟಿಗೆಗಳು ಅಗತ್ಯವಾದವು. ಇವುಗಳೊಳಗೆ ಮರದ ಹಲಗೆಗಳ ಅಂತಸ್ತುಗಳಲ್ಲಿ ಹೆಂಚುಗಳನ್ನು ಬಿಡಿಬಿಡಿಯಾಗಿ ಜೋಡಿಸಲಾಗುತ್ತದೆ. ಗೋಡೆಗಳಿಗೆ ಸ್ಥಳೀಯ ಮುರಕಲ್ಲನ್ನು ಬಳಸುವುದುಂಟು. ಕೆಳಗಿಳಿದ ಸೂರು ಎರಚಲನ್ನು ತಡೆಯುತ್ತದೆ. ಕೆಲವೆಡೆ ಗೂಡಿನ ಮೇಲೆಯೇ ಅಟ್ಟವಿದ್ದು, ಮೇಲೇರುವ ಬಿಸಿಗಾಳಿಯು ಮಳೆಗಾಲದಲ್ಲಿಯೂ ಹೆಂಚನ್ನು ಒಣಗಿಸುತ್ತದೆ.

ಗೂಡು ಮತ್ತು ಹೊಗೆಕೊಳವೆ

ಉದ್ಯಮ ಬೆಳೆದಂತೆ ಜರ್ಮನಿಯ ಫ್ರೆಡ್ರಿಕ್ ಹಾಫ್‌ಮನ್ 1858ರಲ್ಲಿ ಪೇಟೆಂಟ್ ಪಡೆದ ನಿರಂತರ ಗೂಡಿನ ವಿಧಾನವು ಬಳಕೆಗೆ ಬಂದಿತು. ಇದರಲ್ಲಿ ಇಟ್ಟಿಗೆಯ ಕಮಾನು ಚಾವಣಿಯುಳ್ಳ ಕೋಣೆಗಳು ಸುತ್ತಲೂ ಸಾಲಾಗಿರುತ್ತವೆ. ಹೆಂಚು ಇದ್ದಲ್ಲಿಯೇ ಇರುತ್ತದೆ. ಬೆಂಕಿ ಕೋಣೆಯಿಂದ ಕೋಣೆಗೆ ಮುಂದುವರಿಯುತ್ತದೆ. ಒಳಬರುವ ಗಾಳಿಯು ಸುಟ್ಟು ಆರುತ್ತಿರುವ ಹೆಂಚುಗಳ ನಡುವೆ ಹಾದು ಬಿಸಿಯಾಗಿ ಬೆಂಕಿಯನ್ನು ತಲುಪುತ್ತದೆ. ಅಲ್ಲಿಂದ ಹೊರಟ ಬಿಸಿಹೊಗೆಯು ಮುಂದಿನ ಕೋಣೆಗಳ ಹಸಿ ಹೆಂಚನ್ನು ಕಾಯಿಸುತ್ತದೆ. ಇದರಿಂದ ಸೌದೆ ಉಳಿಯುತ್ತದೆ. ಈ ಗಾಳಿಯ ಓಟಕ್ಕೆ ಬೇಕಾದ ಸೆಳೆತವನ್ನು ಹೊಗೆಕೊಳವೆ ಒದಗಿಸುತ್ತದೆ. ಅದರ ಎತ್ತರಕ್ಕೆ ಕಾರಣ ಅಲಂಕಾರವಲ್ಲ, ಈ ಸೆಳೆತವೇ.

ಮಾಡು

ಪಕ್ಕಾಸು ಮತ್ತು ರೀಪುಗಳ ಮೇಲೆ ಅದೇ ಹೆಂಚನ್ನು ಹೊದಿಸುವುದು ರೂಢಿ. ಹೆಂಚುಗಳ ಸಂದುಗಳಲ್ಲಿ ಬಿಸಿಗಾಳಿ ಮತ್ತು ಆವಿ ಹೊರಹೋಗುತ್ತವೆ. ನಡುನಡುವೆ ಇರಿಸಿದ ಗಾಜಿನ ಹೆಂಚುಗಳು ಬೆಳಕು ನೀಡುತ್ತವೆ.

ಇಂದಿನ ಸ್ಥಿತಿ

ಕಾಂಕ್ರೀಟ್ ಚಾವಣಿಯ ಪ್ರಸಾರ, ಆವೆಮಣ್ಣು ಮತ್ತು ಸೌದೆಯ ಅಭಾವಗಳಿಂದ ಅನೇಕ ಕಾರ್ಖಾನೆಗಳು ಮುಚ್ಚಿವೆ. ಹೊಗೆಕೊಳವೆಯೊಂದನ್ನೇ ಸ್ಮಾರಕವಾಗಿ ಉಳಿಸಿದರೆ ಈ ವಾಸ್ತುಶಿಲ್ಪದ ಅರ್ಥ ಉಳಿಯುವುದಿಲ್ಲ. ಗೂಡು, ಅಟ್ಟ, ಕೊಟ್ಟಿಗೆ ಮತ್ತು ಮಾಡು ಒಂದೇ ಶಾಖವನ್ನು ಹಂಚಿಕೊಳ್ಳುವ ಅಂಗಗಳಾದುದರಿಂದ ಅವು ಒಟ್ಟಾಗಿ ಉಳಿದಲ್ಲಿ ಮಾತ್ರ ಕಟ್ಟಡದ ಕಾರ್ಯವಿಧಾನವು ನೋಡುಗರಿಗೆ ತಿಳಿಯುತ್ತದೆ.