ಕಲ್ಲುಪುಡಿಯೂ ಮರಳೂ

ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯ ಹೆಸರಿನಲ್ಲಿ ಉತ್ತರಪದವು ‘ಕೆರೆ’ ಎಂಬುದು ಸ್ಪಷ್ಟ. ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆ. ಈ ಸೀಮೆಯು ಕೆರೆಗಳ ನಾಡೇ ಹೊರತು ಮಹಾನದಿಗಳ ನಾಡಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಹೊಸಕೋಟೆಯ ಕಡೆಗೆ ಹರಿಯುವ ದಕ್ಷಿಣ ಪಿನಾಕಿನಿಯು ಇಲ್ಲಿ ಸಣ್ಣ ಹೊಳೆ. ಮರಳಿಗೆ ಬಡತನವಿದ್ದರೂ ಬಂಡೆಗೆ ಕೊರತೆಯಿಲ್ಲ. ಬೆಂಗಳೂರಿನ ಸುತ್ತಲಿನ ನೆಲದ ಅಡಿಯಲ್ಲಿರುವುದು ಭೂವಿಜ್ಞಾನಿಗಳು ‘ಪೆನಿನ್ಸುಲಾರ್ ನೈಸ್’ ಎಂದು ಕರೆಯುವ ಅತಿ ಪುರಾತನ ಶಿಲೆ. ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಆದುದರಿಂದ ನದಿಯ ಮರಳು ದುರ್ಲಭವಾದಂತೆ ಬಂಡೆಯಿಂದಲೇ ಮರಳನ್ನು ಮಾಡುವ ಉದ್ಯಮವು ಈ ಪ್ರಾಂತದಲ್ಲಿ ಬೆಳೆಯಿತು.

ಇದರ ಕ್ರಮವು ಹೀಗೆ: ಗಣಿಯಿಂದ ಬಂದ ಕಲ್ಲು ಮೊದಲು ‘ಜಾ ಕ್ರಷರ್’ ಎಂಬ ಯಂತ್ರವನ್ನು ಸೇರುವುದು. ಅದರಲ್ಲಿ ಒಂದು ದವಡೆ ಸ್ಥಿರ, ಇನ್ನೊಂದು ಚಲಿಸುವಂಥದು. ಕಲ್ಲು ಇವೆರಡರ ನಡುವೆ ಒಡೆಯುವುದು. ಅನಂತರ ‘ಕೋನ್ ಕ್ರಷರ್’ ಅದನ್ನು ಜಲ್ಲಿಯನ್ನಾಗಿ ಮಾಡುವುದು. ಕಡೆಯದಾದ ‘ವಿ.ಎಸ್.ಐ.’ ಯಂತ್ರದಲ್ಲಿ ವೇಗವಾಗಿ ಸುತ್ತುವ ಚಕ್ರವು ಜಲ್ಲಿಯನ್ನು ಹೊರಕ್ಕೆ ಎಸೆಯುವುದು. ಕಲ್ಲಿಗೆ ಕಲ್ಲು ಬಡಿದು ಚಕ್ಕೆಗಳು ಮುರಿದು ಕಾಳುಗಳು ದುಂಡಗಾಗುವುವು. ಆಮೇಲೆ ಜರಡಿಯಿಂದ 4.75 ಮಿಲಿಮೀಟರಿಗಿಂತ ಸಣ್ಣದನ್ನು ಬೇರ್ಪಡಿಸಿ, ನೀರಿನಿಂದ ತೊಳೆದೋ ಗಾಳಿಯಿಂದ ತೂರಿಯೋ ಅತಿಸೂಕ್ಷ್ಮವಾದ ಪುಡಿಯನ್ನು ತೆಗೆಯುವರು.

ಯಂತ್ರಗಳನ್ನು ನಡೆಸುವುದರಲ್ಲಿಯೂ ಒಂದು ನಿಯಮವುಂಟು. ಆರಂಭಿಸುವಾಗ ಸರಕು ಹೊರಬೀಳುವ ಕೊನೆಯಿಂದ ಹಿಂದುಹಿಂದಕ್ಕೆ ಬರಬೇಕು: ಮೊದಲು ಸಾಗಣೆಪಟ್ಟಿ, ಜರಡಿ, ಆಮೇಲೆ ಕ್ರಷರು, ಎಲ್ಲಕ್ಕೂ ಕಡೆಗೆ ಕಲ್ಲುಣಿಸುವ ಫೀಡರು. ನಿಲ್ಲಿಸುವಾಗ ಫೀಡರನ್ನೇ ಮೊದಲು ನಿಲ್ಲಿಸಿ, ಒಳಗಿರುವ ಕಲ್ಲೆಲ್ಲ ಬರಿದಾದ ಮೇಲೆ ಉಳಿದುವನ್ನು ನಿಲ್ಲಿಸಬೇಕು. ಸಿಕ್ಕಿಕೊಂಡ ಕಲ್ಲನ್ನು ಯಂತ್ರವು ಚಲಿಸುತ್ತಿರುವಾಗ ಬಿಡಿಸಲು ಹೋಗುವುದು ಪ್ರಾಣಾಪಾಯಕರ.

ಇಲ್ಲಿ ಹೆಸರಿನ ವಿಚಾರವು ಮುಖ್ಯವಾಗುವುದು. ಜಲ್ಲಿ ಮಾಡುವಾಗ ತಾನಾಗಿ ಉದುರುವ ಕಲ್ಲುಪುಡಿಗೂ ‘ಎಂ-ಸ್ಯಾಂಡ್’ ಎಂಬ ಹೆಸರನ್ನು ಕೊಡುವುದುಂಟು. ಎರಡೂ ಒಂದೇ ಶಿಲೆಯಿಂದ ಬಂದುವಾದರೂ ಗುಣದಲ್ಲಿ ಬೇರೆ. ಚಕ್ಕೆಯಂಥ ಕಾಳುಗಳೂ ಅತಿಯಾದ ಪುಡಿಯೂ ಕಾಂಕ್ರೀಟಿನಲ್ಲಿ ಹೆಚ್ಚು ನೀರನ್ನು ಬೇಡುವುವು. ನೀರು ಹೆಚ್ಚಿದಂತೆ ಕಟ್ಟಡದ ಬಲವು ಕುಗ್ಗುವುದು. ಆದುದರಿಂದಲೇ ಐ.ಎಸ್. 383ರ 2016ರ ಪರಿಷ್ಕರಣವು 75 ಮೈಕ್ರಾನಿಗಿಂತ ಸಣ್ಣ ಅಂಶವು ಸಹಜ ಮರಳಿನಲ್ಲಿ ಶೇಕಡ 3ನ್ನೂ, ಒಡೆದು ಮಾಡಿದ ಮರಳಿನಲ್ಲಿ ಶೇಕಡ 15ನ್ನೂ ಮೀರಬಾರದೆಂದು ವಿಧಿಸಿದೆ.

ಪುಡಿಯಿಂದಾಗುವ ಹಾನಿಯು ಕಟ್ಟಡಕ್ಕೆ ಮಾತ್ರವೇ ಅಲ್ಲ. ಶಿಲೆಯಲ್ಲಿರುವ ಸಿಲಿಕದ ಕಣ್ಣಿಗೆ ಕಾಣದ ಧೂಳು ಕೆಲಸಗಾರರ ಶ್ವಾಸಕೋಶವನ್ನು ಹೊಕ್ಕು ವಾಸಿಯಾಗದ ‘ಸಿಲಿಕೋಸಿಸ್’ ರೋಗವನ್ನು ತರುವುದು. 1948ರ ಕಾರ್ಖಾನೆಗಳ ಕಾಯಿದೆಯು ಇದನ್ನು ಸರ್ಕಾರಕ್ಕೆ ವರದಿಮಾಡತಕ್ಕ ರೋಗಗಳಲ್ಲಿ ಸೇರಿಸಿತ್ತು. ಯಂತ್ರಗಳಿಗೆ ಮುಚ್ಚಿಗೆ ಹಾಕುವುದೂ, ಕಲ್ಲು ಬೀಳುವೆಡೆಗಳಲ್ಲಿ ನೀರು ಸಿಂಪಡಿಸುವುದೂ ಇದಕ್ಕೆ ತಡೆ.

ಹಳಗನ್ನಡದ ‘ಮಳಲ್’, ತಮಿಳಿನ ‘ಮಣಲ್’ ಎಂಬ ಸೋದರಪದಗಳು ಹೊಳೆಯೂ ಕಾಲವೂ ಸೇರಿ ಸವೆಸಿದ ವಸ್ತುವನ್ನು ಹೇಳುವುವು. ಹೊಳೆಯು ಯುಗಯುಗಗಳಲ್ಲಿ ಮಾಡುವ ಮೂರು ಕೆಲಸಗಳನ್ನು, ಎಂದರೆ ಒಡೆಯುವುದು, ದುಂಡಗೆ ಮಾಡುವುದು, ತೊಳೆಯುವುದು ಎಂಬಿವನ್ನು ಯಂತ್ರವು ಅಲ್ಪಕಾಲದಲ್ಲಿ ಮಾಡಬೇಕಾಗಿದೆ. ಮೂರೂ ನಡೆದಲ್ಲಿ ಅದು ಮರಳು. ಮೊದಲನೆಯದು ಮಾತ್ರ ನಡೆದಲ್ಲಿ ಅದು ಬರಿಯ ಕಲ್ಲುಪುಡಿ.