ಗಾಡಿ ನಮ್ಮದೇ, ಮಾಲೂ ನಮ್ಮದೇ, ಲೈಸೆನ್ಸ್ ಯಾವುದು?

ವಿಜಯಪುರ ಜಿಲ್ಲೆಯಲ್ಲಿ ಒಣದ್ರಾಕ್ಷಿ ತಯಾರಾಗುವ ಹೊತ್ತಿಗೆ ಸಾಂಗಲಿ, ತಾಸಗಾಂವದ ಮಾರುಕಟ್ಟೆಗೆ ಹೊರಡುವ ಗಾಡಿಗಳಿಗೆ ಬಿಡುವಿರುವುದಿಲ್ಲ. ಬಾಡಿಗೆ ಕೊಟ್ಟು ಕೊಟ್ಟು ಬೇಸತ್ತ ನನ್ನ ಚಿಕ್ಕಪ್ಪನ ಮಗ ಒಂದು ಹಳೆಯ ಲಾರಿಯನ್ನೇ ಕೊಳ್ಳಲು ಹೊರಟಿದ್ದ. ನಾನು ಪುಣೆಯಲ್ಲಿ ಮಾಡುವುದು ಸಾಫ್ಟ್‌ವೇರ್ ಕೆಲಸ. ಆದರೆ ಊರಿನವರ ಲೆಕ್ಕದಲ್ಲಿ ನಾನು ‘ಕಾಗದಪತ್ರ ಓದಿ ಹೇಳುವವ’. ಫೋನ್ ಮಾಡಿದ.

“ಅಣ್ಣಾ, ಗಾಡಿ ನಂದ, ಮಾಲ ನಂದ, ಬಾಡಿಗಿ ಹೊಡಿಯೂದಿಲ್ಲ. ಕಾರಿನ ಲೈಸನ್ಸ್ ಮ್ಯಾಲ ನಾನ ಓಡಸ್ತೀನಿ. ಯಾರೇನ ಕೇಳ್ತಾರ?”

ಈ ಪ್ರಶ್ನೆ ಅವನೊಬ್ಬನದಲ್ಲ. ಊರಲ್ಲಿ ಹೊಲ ಇಟ್ಟುಕೊಂಡು ಹೊರರಾಜ್ಯದಲ್ಲಿ ದುಡಿಯುವ ನಮ್ಮಲ್ಲಿ ಬಹಳ ಮಂದಿಯ ಮನೆಯಲ್ಲಿ ಒಂದಲ್ಲ ಒಂದು ದಿನ ಬರುವ ಪ್ರಶ್ನೆ. ಬಾಡಿಗೆಗೆ ಓಡಿಸಿದರೆ ಮಾತ್ರ ಹಳದಿ ಬೋರ್ಡು, ಬ್ಯಾಡ್ಜು ಎಲ್ಲ ಬೇಕು, ಸ್ವಂತಕ್ಕಾದರೆ ಬೇಡ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕಾರಿನ ಮಟ್ಟಿಗೆ ಅದು ಸರಿ. ಲಾರಿಯ ಮಟ್ಟಿಗೆ ಅಲ್ಲ.

1988ರ ಮೋಟಾರು ವಾಹನ ಕಾಯ್ದೆ ಸರಕು ಸಾಗಿಸಲೆಂದೇ ಕಟ್ಟಿದ ಗಾಡಿಯನ್ನು ‘ಸರಕು ವಾಹನ’ ಎನ್ನುತ್ತದೆ. ಸರಕು ಯಾರದ್ದು, ಬಾಡಿಗೆ ಬಂತೇ ಇಲ್ಲವೇ ಎಂಬ ಮಾತೇ ಆ ವ್ಯಾಖ್ಯೆಯಲ್ಲಿಲ್ಲ. ಸರಕು ವಾಹನವೆಲ್ಲ ‘ಸಾರಿಗೆ ವಾಹನ’, ಅಂದರೆ ಟ್ರಾನ್ಸ್‌ಪೋರ್ಟ್ ವೆಹಿಕಲ್. ನಿಮ್ಮ ಒಣದ್ರಾಕ್ಷಿಯನ್ನು ನಿಮ್ಮದೇ ಲಾರಿಯಲ್ಲಿ ಒಯ್ದರೂ ಬೋರ್ಡು ಹಳದಿಯೇ.

ಮೊದಲು ಹೀಗಿರಲಿಲ್ಲ. ಹಳೆಯ ಲಾರಿಗಳ ಹಣೆಯ ಮೇಲೆ ‘ಪಬ್ಲಿಕ್ ಕ್ಯಾರಿಯರ್’ ಎಂದು ಬರೆದಿರುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬಹುದು. 1939ರ ಕಾಯ್ದೆಯಲ್ಲಿ ಊರವರ ಮಾಲು ಬಾಡಿಗೆಗೆ ಸಾಗಿಸುವವ ಪಬ್ಲಿಕ್ ಕ್ಯಾರಿಯರ್, ತನ್ನದೇ ಮಾಲು ಸಾಗಿಸುವವ ಪ್ರೈವೇಟ್ ಕ್ಯಾರಿಯರ್ ಎಂದು ಎರಡು ಜಾತಿಗಳಿದ್ದವು. 1989ರ ಜುಲೈ 1ರಿಂದ ಹೊಸ ಕಾಯ್ದೆ ಜಾರಿಗೆ ಬಂದು ಎರಡನ್ನೂ ಒಂದು ಮಾಡಿತು. ಬರಹ ಮಾತ್ರ ಲಾರಿಗಳ ಮೇಲೆ ಬಹಳ ವರ್ಷ ಉಳಿಯಿತು. ‘ಸ್ವಂತದ ಲಾರಿ’ ಎಂಬ ನಮ್ಮ ಹಿರಿಯರ ಮಾತಿಗೂ ಬೇರು ಅಲ್ಲೇ ಇರಬೇಕು.

ಹಾಗಾದರೆ ಕಾನೂನು ನೋಡುವುದೇನನ್ನು? ತೂಕವನ್ನು. ನಮ್ಮ ಕಾರಿನ ಲೈಸೆನ್ಸ್ ಮೇಲೆ ‘ಎಲ್‌ಎಂವಿ’ ಎಂದಿರುತ್ತದಲ್ಲ, ಲಘು ಮೋಟಾರು ವಾಹನ, ಅದರ ಗಡಿ 7,500 ಕೆಜಿ. ಕಾರು, ಟ್ರ್ಯಾಕ್ಟರ್‌ಗಳಿಗೆ ಲೆಕ್ಕ ಹಾಕುವುದು ಖಾಲಿ ತೂಕ. ಸರಕು ಗಾಡಿಗೆ ಲೆಕ್ಕ ಹಾಕುವುದು ಒಟ್ಟು ತೂಕ, ಅಂದರೆ ಗಾಡಿಯ ತೂಕದ ಜೊತೆಗೆ ಅದು ಹೊರಬಹುದೆಂದು ಆರ್‌ಟಿಓ ನೋಂದಾಯಿಸಿದ ಹೊರೆಯ ತೂಕ. 12,000 ಕೆಜಿ ದಾಟಿದರೆ ಭಾರೀ ಸರಕು ವಾಹನ, ನಡುವಿನದು ಮಧ್ಯಮ.

ತಮ್ಮ ನೋಡಿಟ್ಟಿದ್ದ ಲಾರಿಯ ಆರ್‌ಸಿ ಫೋಟೋ ತರಿಸಿಕೊಂಡೆ. ಒಟ್ಟು ತೂಕ 16,200 ಕೆಜಿ. “ಅರ್ಧಾ ಲೋಡ್ ಅಷ್ಟ ಹಾಕಿದರ?” ಎಂದ. ಖಾಲಿ ಓಡಿಸಿದರೂ ಅದು 16,200ರ ಗಾಡಿಯೇ. ಇವತ್ತು ಏನು ತುಂಬಿದ್ದೀರಿ ಎಂಬುದಲ್ಲ, ಆರ್‌ಸಿಯಲ್ಲಿ ಏನು ಬರೆದಿದೆ ಎಂಬುದೇ ಲೆಕ್ಕ. ಹಳೆಯ ಗಾಡಿ ಕೊಳ್ಳುವವರು ಎಂಜಿನ್, ಟಯರ್ ಎಲ್ಲ ತಟ್ಟಿ ನೋಡುತ್ತಾರೆ, ಈ ಒಂದು ಸಾಲು ಓದುವುದಿಲ್ಲ.

7,500ರ ಒಳಗಿನ ಗಾಡಿಗಳ ವಿಷಯದಲ್ಲಿ ಬಹಳ ವರ್ಷ ಗೊಂದಲವಿತ್ತು. ಟಾಟಾ ಏಸ್, ಪಿಕಪ್, 407 ಓಡಿಸಲು ಕಾರಿನ ಲೈಸೆನ್ಸ್ ಸಾಕೇ, ಅಥವಾ ಅದರ ಮೇಲೆ ‘ಟ್ರಾನ್ಸ್‌ಪೋರ್ಟ್’ ಎಂದು ಬೇರೆ ಬರೆಸಬೇಕೇ? 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೇರೆ ಬೇಡ ಎಂದಿತು. ವಿಮಾ ಕಂಪನಿಗಳು ಒಪ್ಪಲಿಲ್ಲ, ವಿಷಯ ಐವರ ಸಂವಿಧಾನ ಪೀಠಕ್ಕೆ ಹೋಯಿತು. 2024ರ ನವೆಂಬರ್ 6ರಂದು ರಂಭಾ ದೇವಿ ಪ್ರಕರಣದಲ್ಲಿ ಆ ಪೀಠವೂ ಅದನ್ನೇ ಎತ್ತಿಹಿಡಿಯಿತು. ಒಟ್ಟು ತೂಕ 7,500 ಕೆಜಿ ಮೀರದಿದ್ದರೆ ಎಲ್‌ಎಂವಿ ಲೈಸೆನ್ಸ್ ಇದ್ದವರು ಸರಕು ಗಾಡಿಯನ್ನೂ ಓಡಿಸಬಹುದು. ಅಪಾಯಕಾರಿ ಸರಕು ಸಾಗಿಸುವ ಗಾಡಿಗಳಿಗೆ, ಇ-ರಿಕ್ಷಾ, ಇ-ಕಾರ್ಟ್‌ಗಳಿಗೆ ಮಾತ್ರ ಬೇರೆ ನಿಯಮ. ಹಾಲಿನ ಗಾಡಿ, ತರಕಾರಿ ಗಾಡಿ ಓಡಿಸಿ ಹೊಟ್ಟೆ ಹೊರೆಯುವ ಸಾವಿರಾರು ಹುಡುಗರ ತಲೆ ಮೇಲಿನ ಕತ್ತಿ ಅವತ್ತು ಇಳಿಯಿತು. ನನ್ನ ದೃಷ್ಟಿಯಲ್ಲಿ ನ್ಯಾಯವಾದ ತೀರ್ಪು.

ಆದರೆ ಪರ್ಮಿಟ್ಟಿನ ಮಾತು ಬೇರೆ. ಒಟ್ಟು ತೂಕ 3,000 ಕೆಜಿ ದಾಟದ ಸರಕು ಗಾಡಿಗೆ ಮಾತ್ರ ಕಾಯ್ದೆ ಪರ್ಮಿಟ್ ಬೇಡ ಎನ್ನುತ್ತದೆ. ಲೈಸೆನ್ಸ್ ಸರಿಯಿದ್ದ ಮಾತ್ರಕ್ಕೆ ಗಾಡಿಯ ಕಾಗದವೂ ಸರಿ ಎಂದುಕೊಂಡು ರಾಜ್ಯದ ಗಡಿ ದಾಟಬೇಡಿ.

“ಯಾರೇನ ಕೇಳ್ತಾರ” ಎಂಬ ಮಾತಿಗೆ ಬರೋಣ. ನಿಜ ಹೇಳಬೇಕೆಂದರೆ ದಾರಿಯಲ್ಲಿ ಕೇಳುವವರು ಕಡಿಮೆ, ಕೇಳಿದರೂ 5,000 ರೂಪಾಯಿವರೆಗಿನ ದಂಡ, ಹೆಚ್ಚೆಂದರೆ ಮೂರು ತಿಂಗಳ ಸಜೆಯ ಭಯ. ಕೇಳುವ ದಿನ ಅಪಘಾತವಾದ ದಿನ. ಲಾರಿಗೆ ಸಿಕ್ಕು ಯಾರಾದರೂ ಸತ್ತರೆ ನ್ಯಾಯಮಂಡಳಿ ಪರಿಹಾರ ವಿಧಿಸುತ್ತದೆ. ಆಗ ವಿಮಾ ಕಂಪನಿ ಮೊದಲು ಹುಡುಕುವುದು ಚಾಲಕನ ಲೈಸೆನ್ಸನ್ನು. ಅದು ಆ ಗಾಡಿಯ ವರ್ಗದ್ದಲ್ಲ ಎಂದಾದರೆ, ಸತ್ತವರ ಮನೆಯವರಿಗೆ ಕಂಪನಿ ಹಣ ಕೊಟ್ಟು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟುಗಳು ಆದೇಶಿಸುವುದು ರೂಢಿಯಲ್ಲಿದೆ. 2004ರ ಸ್ವರಣ್ ಸಿಂಗ್ ತೀರ್ಪು ಮಾಲೀಕನಿಗೆ ಒಂದಿಷ್ಟು ರಕ್ಷಣೆ ಕೊಟ್ಟಿದೆ: ಲೈಸೆನ್ಸಿನ ಷರತ್ತು ಮುರಿದದ್ದರಲ್ಲಿ ಮಾಲೀಕನ ತಪ್ಪಿದೆ ಎಂದು ಕಂಪನಿಯೇ ಸಾಬೀತು ಮಾಡಬೇಕು. ಡ್ರೈವರ್ ನಕಲಿ ಲೈಸೆನ್ಸ್ ತೋರಿಸಿ ಮೋಸ ಮಾಡಿದ್ದರೆ ‘ನನಗೆ ಗೊತ್ತಿರಲಿಲ್ಲ’ ಎನ್ನಬಹುದು. ಮಾಲೀಕನೇ ಸ್ಟಿಯರಿಂಗ್ ಹಿಡಿದಿದ್ದರೆ? ತನ್ನ ಕಿಸೆಯಲ್ಲಿ ಯಾವ ಲೈಸೆನ್ಸ್ ಇದೆ ಎಂದು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಅಂದರೆ ‘ನನ್ನ ಗಾಡಿ ನಾನೇ ಓಡಿಸ್ತೀನಿ’ ಎನ್ನುವವನಿಗೇ ಹೆಚ್ಚು ಅಪಾಯ. ತಮ್ಮನಿಗಿರುವುದು ನಾಲ್ಕು ಎಕರೆ ದ್ರಾಕ್ಷಿ ತೋಟ, ಅದರ ಮೇಲೆ ಬ್ಯಾಂಕಿನ ಸಾಲ. ವಸೂಲಿ ಆದೇಶ ಬಂದರೆ ಬಂದು ನಿಲ್ಲುವುದು ಆ ತೋಟದ ಬಾಗಿಲಿಗೆ.

ಆನ್‌ಸೈಟ್ ಹೋಗಿ ಬಂದ ಗೆಳೆಯರು ಇಲ್ಲಿ ತಕರಾರು ತೆಗೆಯುತ್ತಾರೆ. ಅಮೆರಿಕದಲ್ಲಿ ಮನೆ ಬದಲಿಸುವಾಗ 26 ಅಡಿ ಉದ್ದದ ಟ್ರಕ್ಕನ್ನು ಕಾರಿನ ಲೈಸೆನ್ಸ್ ತೋರಿಸಿ ಬಾಡಿಗೆಗೆ ತಂದು ತಾವೇ ಓಡಿಸಿದ್ದನ್ನು ಹೇಳುತ್ತಾರೆ. ಹೌದು, ಅಲ್ಲಿ ಕಮರ್ಷಿಯಲ್ ಲೈಸೆನ್ಸ್ ಬೇಕಾಗುವುದು 26,001 ಪೌಂಡಿನಿಂದ, ಅಂದರೆ ಸುಮಾರು 11,800 ಕೆಜಿಯಿಂದ. ರೈತ ತನ್ನ ಫಸಲನ್ನು ತನ್ನ ಟ್ರಕ್ಕಿನಲ್ಲಿ ಒಯ್ಯುವುದಕ್ಕೂ ಸ್ವಂತದ ಮೋಟಾರ್ ಹೋಮ್‌ಗೂ ಅಲ್ಲಿ ವಿನಾಯಿತಿಗಳಿವೆ. ಅಲ್ಲಿಯ ಕಾನೂನು ಉದ್ದೇಶವನ್ನೂ ಕೇಳುತ್ತದೆ. ಬ್ರಿಟನ್ನಿನಲ್ಲಿ ನಮ್ಮಂತೆ ತೂಕವೇ ಮುಖ್ಯ: ಅಲ್ಲಿ 1997ರ ಜನವರಿಯ ನಂತರ ಕಾರಿನ ಪರೀಕ್ಷೆ ಪಾಸಾದವರು 3.5 ಟನ್ ದಾಟಿದ ಲಾರಿಗೆ ಬೇರೆ ಪರೀಕ್ಷೆ ಕೊಡಬೇಕು. ನನಗೆ ತೂಕದ ದಾರಿಯೇ ಸರಿಯೆನಿಸುತ್ತದೆ. ಹದಿನಾರು ಟನ್ನಿನ ಗಾಡಿಯ ಬ್ರೇಕಿಗೆ ಒಳಗಿರುವ ಮಾಲು ಯಾರದ್ದೆಂದು ಗೊತ್ತಾಗುವುದಿಲ್ಲ.

ನಮ್ಮಲ್ಲಿ ಉದ್ದೇಶಕ್ಕೆ ಬೆಲೆಯೇ ಇಲ್ಲವೆಂದೂ ಅಲ್ಲ. ಯೂಟ್ಯೂಬ್ ನೋಡಿ ಕ್ಯಾರವಾನ್ ಕಟ್ಟಿಸುವ ಹುಚ್ಚು ನಮ್ಮ ಕಂಪನಿಯಲ್ಲೇ ಇಬ್ಬರಿಗೆ ಹಿಡಿದಿದೆ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಕೇಂದ್ರದ 2004ರ ಅಧಿಸೂಚನೆ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿ ಇಟ್ಟಿದೆ. ಆದರೆ ಬಿಳಿ ಬೋರ್ಡು ಸಿಕ್ಕಿತೆಂದು ಎಲ್‌ಎಂವಿಯ ಗಡಿ ಹಿಗ್ಗುವುದಿಲ್ಲ. ಕಟ್ಟಿಸುವವರು ಚಾಸಿಸ್ ಆರಿಸುವಾಗಲೇ 7,500ರ ಒಳಗಿರುವಂತೆ ನೋಡಿಕೊಂಡರೆ ಕ್ಷೇಮ.

ದೊಡ್ಡ ಲಾರಿಯೇ ಬೇಕೆಂದರೆ ಲೈಸೆನ್ಸ್ ಪಡೆಯುವುದು ಅಂಥ ಕಷ್ಟವೇನಲ್ಲ. ವಯಸ್ಸು 20 ತುಂಬಿರಬೇಕು. ಎಲ್‌ಎಂವಿ ಲೈಸೆನ್ಸ್ ಸಿಕ್ಕು ಒಂದು ವರ್ಷವಾದ ಮೇಲೆಯೇ ಎಲ್‌ಎಲ್‌ಆರ್ ಕೊಡುತ್ತಾರೆ. ವೈದ್ಯರಿಂದ ಫಾರ್ಮ್ 1ಎ, ಡ್ರೈವಿಂಗ್ ಸ್ಕೂಲಿನಿಂದ ಫಾರ್ಮ್ 5 ಬೇಕು. ಎಂಟನೇ ತರಗತಿ ಓದಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದ್ದಾರೆ, ಶಾಲೆ ಬಿಟ್ಟು ಹೊಲಕ್ಕಿಳಿದವರಿಗೆ ಇದು ಗೊತ್ತಿರಲಿ. ಅರ್ಜಿ ಹಾಕುವುದು ನೀವು ವಾಸವಿರುವ ರಾಜ್ಯದಲ್ಲಿ. ಪುಣೆಯಲ್ಲಿ ಪಡೆದದ್ದು ವಿಜಯಪುರದಲ್ಲೂ ನಡೆಯುತ್ತದೆ, ಅಲ್ಲಿಯದು ಇಲ್ಲೂ. ಕಾರ್ಡಿನ ಮೇಲೆ ಎರಡು ಮುಕ್ತಾಯದ ದಿನಾಂಕಗಳಿರುತ್ತವೆ, ಒಂದು ಕಾರಿನಂಥ ಸಾರಿಗೆಯೇತರ ಗಾಡಿಗಳಿಗೆ, ಇನ್ನೊಂದು ಸಾರಿಗೆ ವಾಹನಕ್ಕೆ. ಎರಡನೆಯದರ ಅವಧಿ ಐದೇ ವರ್ಷ. ಮೊಬೈಲಿನ ಕ್ಯಾಲೆಂಡರಿನಲ್ಲಿ ಹಾಕಿಟ್ಟುಕೊಳ್ಳಬೇಕಾದದ್ದು ಆ ದಿನಾಂಕವನ್ನು.