ದೇವಲಾಲಿಯ ಉಪಾಧ್ಯಾಯರು ಕಂಡ ಸಂಖ್ಯೆ – ೬೧೭೪

ಒಂದು ಕಾಗದ, ಒಂದು ಪೆನ್ಸಿಲು. ಈ ವಿನೋದಕ್ಕೆ ಇಷ್ಟೇ ಸಾಮಗ್ರಿ. ನಾಲ್ಕು ಅಂಕಿಗಳ ಯಾವುದಾದರೊಂದು ಸಂಖ್ಯೆಯನ್ನು ಬರೆಯಿರಿ. ೨೨೨೨ರಂತೆ ನಾಲ್ಕೂ ಒಂದೇ ಅಂಕಿಯಾಗಿರಕೂಡದು, ಕಟ್ಟಳೆ ಇದೊಂದೇ. ಆ ಅಂಕಿಗಳಿಂದಾಗುವ ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕ ಸಂಖ್ಯೆಯನ್ನು ಕಳೆಯಿರಿ. ಬಂದ ಶೇಷವನ್ನೂ ಹೀಗೆಯೇ ಜೋಡಿಸಿ ಮತ್ತೆ ಕಳೆಯಿರಿ. ಶೇಷವು ಮೂರೇ ಅಂಕಿಗಳದಾದರೆ ಹಿಂದೊಂದು ಸೊನ್ನೆಯನ್ನಿಟ್ಟು ನಾಲ್ಕು ಮಾಡಿಕೊಳ್ಳಿರಿ.

ಕನ್ನಡ ನಾಡು ಒಂದುಗೂಡಿದ ೧೯೫೬ನೆಯ ಇಸವಿಯನ್ನೇ ತೆಗೆದುಕೊಳ್ಳೋಣ.

೯೬೫೧ – ೧೫೬೯ = ೮೦೮೨
೮೮೨೦ – ೦೨೮೮ = ೮೫೩೨
೮೫೩೨ – ೨೩೫೮ = ೬೧೭೪

ಇನ್ನೂ ಮುಂದುವರಿಸಿದರೆ? ೭೬೪೧ರಲ್ಲಿ ೧೪೬೭ ಕಳೆದರೆ ಮತ್ತೆ ೬೧೭೪! ಅಲ್ಲಿಂದ ಲೆಕ್ಕ ಕದಲುವುದಿಲ್ಲ. ಎಲ್ಲಿಂದ ಹೊರಟರೂ ಏಳು ವ್ಯವಕಲನಗಳೊಳಗಾಗಿ ಈ ಸಂಖ್ಯೆ ಬಂದೇ ತೀರುತ್ತದೆ.

ಇದು ಮಂತ್ರವಲ್ಲ. ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕ ಅಂಕಿಗೂ ಇರುವ ಅಂತರವನ್ನು ೯೯೯ರಿಂದಲೂ, ನಡುವಣ ಎರಡು ಅಂಕಿಗಳ ಅಂತರವನ್ನು ೯೦ರಿಂದಲೂ ಗುಣಿಸಿ ಕೂಡಿದರೆ ಶೇಷ ದೊರೆಯುತ್ತದೆ. ಮೊದಲಿನ ಅಂತರವು ೧ರಿಂದ ೯ರವರೆಗೆ ಇರಬಹುದು. ಎರಡನೆಯದು ಅದನ್ನು ಮೀರಲಾರದು. ಆದುದರಿಂದ ೯,೯೯೦ ಸಂಖ್ಯೆಗಳೂ ಮೊದಲ ಹೆಜ್ಜೆಗೇ ಕೇವಲ ೫೪ ಶೇಷಗಳಲ್ಲಿ ಬಂದು ಸೇರುತ್ತವೆ. ಆ ೫೪ನ್ನು ಪರೀಕ್ಷಿಸಿದರೆ ಸಾಕು. ಎಲ್ಲವೂ ೬೧೭೪ಕ್ಕೇ ಶರಣು.

ಇದನ್ನು ೧೯೪೬ರಲ್ಲಿ ಕಂಡುಹಿಡಿದವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಅವರು ೧೯೩೦ರಿಂದ ೧೯೬೨ರವರೆಗೆ ನಾಸಿಕದ ಬಳಿಯ ದೇವಲಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದರು. ಗಣಿತದಲ್ಲಿ ಉನ್ನತ ಪದವಿಯಿಲ್ಲ, ಸಂಶೋಧನೆಗೆಂದು ಹುದ್ದೆಯಿಲ್ಲ. ಪಾಠಶಾಲೆಯ ಕೆಲಸದ ಜೊತೆಯಲ್ಲಿಯೇ ಅಂಕಿಗಳ ಒಡನಾಟ. ೧೯೪೯ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ತಮ್ಮ ಸಂಖ್ಯೆಯನ್ನು ಮುಂದಿಟ್ಟರು. ಆದರೆ ಇವೆಲ್ಲ ಮಕ್ಕಳಾಟವೆಂದು ನಕ್ಕ ವಿದ್ವಾಂಸರೇ ಹೆಚ್ಚು. ೧೯೭೫ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಅವರು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಈ ಉಪಾಧ್ಯಾಯರ ಹೆಸರು ಲೋಕಪ್ರಸಿದ್ಧವಾಯಿತು. ಆಗ ಅವರಿಗೆ ಎಪ್ಪತ್ತು ವರ್ಷ. ೧೯೮೬ರಲ್ಲಿ ಅವರು ತೀರಿಕೊಂಡರು. ಇಂದು ೬೧೭೪ಕ್ಕೆ ‘ಕಾಪ್ರೇಕರ್ ಸ್ಥಿರಾಂಕ’ವೆಂದೇ ಹೆಸರು.

ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ಕಾಪ್ರೇಕರರು ‘ಹರ್ಷದ’, ಎಂದರೆ ಹರ್ಷವನ್ನು ಕೊಡುವುದು, ಎಂದು ಹೆಸರಿಟ್ಟಿದ್ದರು. ೬೧೭೪ರ ಅಂಕಿಗಳನ್ನು ಕೂಡಿ ನೋಡಿ: ೧೮. ಭಾಗಿಸಿದರೆ ಬರುವುದು ೩೪೩. ಅದು ಏಳರ ಘನ. ಇಷ್ಟಕ್ಕೇ ಮುಗಿಯಲಿಲ್ಲ. ಅದೇ ೧೮, ಅದರ ವರ್ಗ ೩೨೪, ಅದರ ಘನ ೫೮೩೨. ಈ ಮೂರನ್ನೂ ಕೂಡಿದರೆ ಬರುವುದು ಮತ್ತೆ ೬೧೭೪!

ಇದರಿಂದ ಏನು ಪ್ರಯೋಜನವೆಂದು ಕೇಳುವವರುಂಟು. ದುಡ್ಡಿನ ಲಾಭವಂತೂ ಇಲ್ಲ. ಆದರೆ ಕಳೆಯುವ ಲೆಕ್ಕವನ್ನು ಆಗತಾನೆ ಕಲಿತ ಬಾಲಕನಿಗೂ ದಕ್ಕುವ ಒಂದು ಸತ್ಯವು, ದೊಡ್ಡ ಗಣಿತಜ್ಞರ ಕಣ್ಣಿಗೆ ಬೀಳದೆ, ಅಂಕಿಗಳನ್ನು ಪ್ರೀತಿಸಿದ ಒಬ್ಬ ಮೇಷ್ಟರಿಗಾಗಿ ಕಾದಿತ್ತಲ್ಲವೆ? ಆ ಸಂತೋಷವೇನೂ ಸಣ್ಣದಲ್ಲ.

ಮಕ್ಕಳಿಗೆ ಈ ಭಾನುವಾರ ಎರಡು ಲೆಕ್ಕ ಕೊಡಬಹುದು. ಮೂರಂಕಿಯ ಸಂಖ್ಯೆಗಳೂ ಹೀಗೆಯೇ ಒಂದೆಡೆ ಬಂದು ನಿಲ್ಲುತ್ತವೆ. ಅದಾವ ಸಂಖ್ಯೆಯೆಂದು ಅವರೇ ಹುಡುಕಲಿ. ಎರಡನೆಯದಾಗಿ ಕಾಪ್ರೇಕರರು ಹುಟ್ಟಿದ ೧೯೦೫ರಿಂದ ಹೊರಟು ನೋಡಲಿ. ಅದು ೬೧೭೪ನ್ನು ಸೇರಲು ಏಳಕ್ಕೆ ಏಳು ಹೆಜ್ಜೆಗಳನ್ನೂ ತೆಗೆದುಕೊಳ್ಳುತ್ತದೆ.